ಹೊಡೆತದ ಲೆಕ್ಕ, ನೆಲದ ಲೆಕ್ಕ

ಗಾಲ್ಫ್ ಎಂದೊಡನೆ ಅದು ಸಿರಿವಂತರ ಆಟವೆಂದು ನಮ್ಮ ವಿದ್ಯಾರ್ಥಿಗಳು ಮುಖ ತಿರುಗಿಸುವುದುಂಟು. ಬೆಂಗಳೂರಿನಲ್ಲಿ ೧೮೭೬ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. ಆ ನಗರದ ಅದಿತಿ ಅಶೋಕ್ ಅವರು ೨೦೨೧ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಆದರೂ ಬಳ್ಳಾರಿ ಸೀಮೆಯ ತರುಣರಿಗೆ ಈ ಆಟ ದೂರದ್ದೇ. ಆಟವು ದೂರವಿರಲಿ, ಅದರ ‘ಹ್ಯಾಂಡಿಕ್ಯಾಪ್’ ಗಣಿತವು ಮಾತ್ರ ನಮ್ಮ ತರಗತಿಗಳಿಗೆ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಹದಿನೆಂಟು ಕುಳಿಗಳಿಗೆ ಚೆಂಡನ್ನು ಸೇರಿಸಲು ಹೊಡೆತಗಳು ಎಷ್ಟು ಕಡಿಮೆಯೋ ಆಟವು ಅಷ್ಟು ಉತ್ತಮ. ನುರಿತವನೊಡನೆ ಸಾಮಾನ್ಯನೂ ಸ್ಪರ್ಧಿಸಲೆಂದು ಅವನಿಗೆ ಕೆಲವು ಹೊಡೆತಗಳ ರಿಯಾಯಿತಿ ಉಂಟು. ಇದೇ ಹ್ಯಾಂಡಿಕ್ಯಾಪ್. ೨೦೨೦ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಂತೆ, ಕಡೆಯ ೨೦ ಆಟಗಳ ಫಲಿತಾಂಶವನ್ನು ಮೈದಾನದ ಕಾಠಿಣ್ಯಕ್ಕೆ ತಕ್ಕಂತೆ ಸರಿಪಡಿಸಿ, ಅತ್ಯುತ್ತಮವಾದ ೮ರ ಸರಾಸರಿಯಿಂದ ಆಟಗಾರನ ಸೂಚ್ಯಂಕವನ್ನು ಪಡೆಯುತ್ತಾರೆ.

ಮೈದಾನಕ್ಕೂ ಎರಡು ಅಂಕಿಗಳುಂಟು. ನುರಿತವನಿಗೆ ಅಲ್ಲಿ ಬೇಕಾಗುವ ಹೊಡೆತಗಳ ಅಂದಾಜು ‘ರೇಟಿಂಗ್’. ಅವನಿಗಿಂತ ಸಾಮಾನ್ಯನಿಗೆ ಆ ನೆಲವು ಎಷ್ಟು ಹೆಚ್ಚು ಕಠಿಣವೆಂಬುದನ್ನು ಸೂಚಿಸುವುದು ‘ಸ್ಲೋಪ್’. ಇದು ೫೫ರಿಂದ ೧೫೫ರವರೆಗೆ ಇರಬಹುದು, ೧೧೩ ಪ್ರಮಾಣಭೂತವಾದುದು. ಸೂಚ್ಯಂಕವನ್ನು ಸ್ಲೋಪಿನಿಂದ ಗುಣಿಸಿ ೧೧೩ರಿಂದ ಭಾಗಿಸಬೇಕು. ಬಂದುದಕ್ಕೆ, ರೇಟಿಂಗಿನಲ್ಲಿ ‘ಪಾರ್’ ಎಂಬ ನಿಗದಿತ ಹೊಡೆತಗಳನ್ನು ಕಳೆದು ಉಳಿದುದನ್ನು ಕೂಡಿಸಬೇಕು.

ನಮ್ಮ ಸೀಮೆಯಲ್ಲಿ ೭೨ ಪಾರ್ ಉಳ್ಳ ಮೂರು ಮೈದಾನಗಳನ್ನು ಕಲ್ಪಿಸಿಕೊಳ್ಳೋಣ. ಬಳ್ಳಾರಿಯಲ್ಲಿ ಸ್ಲೋಪ್ ೧೧೩, ರೇಟಿಂಗ್ ೭೨. ಕುರುಗೋಡಿನ ಬಂಡೆಗಲ್ಲುಗಳ ನಡುವೆ ೧೩೦ ಮತ್ತು ೭೩. ಸಿರುಗುಪ್ಪದ ಸಮತಟ್ಟಾದ ನೆಲದಲ್ಲಿ ೧೦೦ ಮತ್ತು ೭೦. ಸೂಚ್ಯಂಕ ೧೮ ಇರುವವನಿಗೆ ಬಳ್ಳಾರಿಯಲ್ಲಿ ೧೮, ಕುರುಗೋಡಿನಲ್ಲಿ ೨೨, ಸಿರುಗುಪ್ಪದಲ್ಲಿ ೧೪ ಹೊಡೆತಗಳು ದೊರೆಯುತ್ತವೆ. ಅವನು ಕುರುಗೋಡಿನಲ್ಲಿ ೯೪, ಸಿರುಗುಪ್ಪದಲ್ಲಿ ೮೮ ಹೊಡೆತಗಳಲ್ಲಿ ಆಟ ಮುಗಿಸಿದನೆನ್ನೋಣ. ರಿಯಾಯಿತಿ ಕಳೆದರೆ ಉಳಿಯುವುವು ೭೨ ಮತ್ತು ೭೪. ಮೇಲ್ನೋಟಕ್ಕೆ ಹಿಂದೆ ಬಿದ್ದ ೯೪ರ ಆಟವೇ ಮೇಲಾಯಿತು!

ರಿಯಾಯಿತಿಯು ಸೋಮಾರಿತನಕ್ಕೆ ದಾರಿಯೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಇಲ್ಲಿ ಎಣಿಕೆಗೆ ಬರುವುದು ಉತ್ತಮವಾದ ೮ ಆಟಗಳು ಮಾತ್ರ. ಆದುದರಿಂದ ಸೂಚ್ಯಂಕವು ಆಟಗಾರನ ದಿನನಿತ್ಯದ ಮಟ್ಟವನ್ನಲ್ಲ, ಅವನ ಸಾಮರ್ಥ್ಯವನ್ನು ಹೇಳುತ್ತದೆ. ಗೆಲ್ಲಬೇಕಾದರೆ ಅವನು ತನ್ನ ಉತ್ತಮ ಆಟವನ್ನೇ ಆಡಬೇಕು. ಅಲ್ಲದೆ ರಿಯಾಯಿತಿಯನ್ನು ಯಾರೂ ಮರುಕದಿಂದ ಕೊಡುವುದಿಲ್ಲ. ಮೊದಲು ನೆಲವನ್ನು ಅಳೆದು, ಅನಂತರ ಕೊಡುತ್ತಾರೆ.

ನಾವು ಮಾಡುವುದಾದರೂ ಏನು? ಮಣ್ಣಿನ ಬಯಲಿನಲ್ಲಿ ಬರಿಗಾಲಿನಲ್ಲಿ ಓಡಿದವನ ವೇಳೆಯನ್ನು ನಗರದ ಓಟಗಾರನ ವೇಳೆಯ ಪಕ್ಕದಲ್ಲಿಟ್ಟು ತೀರ್ಪು ಕೊಡುತ್ತೇವೆ. ಕಾಲುವೆ ನೀರಿನ ಹೊಲದ ಇಳುವರಿಯನ್ನು ಮಳೆಯನ್ನೇ ನಂಬಿದ ಹೊಲದ ಇಳುವರಿಯೊಡನೆ ತೂಗುತ್ತೇವೆ. ಪರೀಕ್ಷೆಯ ಅಂಕಗಳ ವಿಷಯವೂ ಹೀಗೆಯೇ. ಅಳೆಯದೆ ರಿಯಾಯಿತಿ ಕೊಡುವುದು ದಾಕ್ಷಿಣ್ಯ. ಅಳೆಯದೆ ನಿರಾಕರಿಸುವುದು ಅನ್ಯಾಯ. ಎರಡೂ ವಿಜ್ಞಾನವಲ್ಲ.

ಸೂಚ್ಯಂಕ ೯ ಇರುವವನಿಗೆ ಈ ಮೂರು ಮೈದಾನಗಳಲ್ಲಿ ದೊರೆಯುವ ಹೊಡೆತಗಳೆಷ್ಟು? ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವಣ ಅಂತರವು ಈಗ ೮ರಿಂದ ೫ಕ್ಕೆ ಇಳಿಯುವುದೇಕೆ? ವಿದ್ಯಾರ್ಥಿಗಳು ತಾವೇ ಗಣಿಸಿ ನೋಡಲಿ.