ಪರೀಕ್ಷೆಗೆ ಯಾವ ಕೃತಿ?



ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯೊಬ್ಬಳು ಕಳೆದ ದೀಪಾವಳಿಯ ಬಿಡುವಿನಲ್ಲಿ ನನ್ನನ್ನು ಕಾಣಲು ಬಂದಿದ್ದಳು. ನೆರೆಮನೆಯ ಗೋವೆಯ ವೃದ್ಧೆಯೊಬ್ಬರಲ್ಲಿ ಒಂಬತ್ತು ವರ್ಷಗಳಿಂದ ಪಿಯಾನೋ ಕಲಿತ ಆಕೆ, ಈಗ ಪರದೇಶದ ಸಂಗೀತ ವಿದ್ಯಾಲಯವೊಂದರ ಪ್ರವೇಶಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಅರ್ಜಿಯೊಡನೆ ಕಳುಹಿಸಬೇಕಾದ ಸ್ವಪರಿಚಯದ ಬರಹವನ್ನು ಮೊದಲು ಕನ್ನಡದಲ್ಲಿ ಬರೆದು, ನನ್ನಿಂದ ತಿದ್ದಿಸಿಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸಬೇಕೆಂಬುದು ಅವಳ ಅಪೇಕ್ಷೆ. ಬರಹದಲ್ಲಿ ತಿದ್ದುವಂತಹದು ಹೆಚ್ಚೇನೂ ಇರಲಿಲ್ಲ. ಅದರ ಕೆಳಗಿದ್ದ ಕೃತಿಗಳ ಪಟ್ಟಿಯನ್ನು ಕುರಿತೇ ನಮ್ಮಲ್ಲಿ ವಾದ ನಡೆಯಿತು. ನಾನು ಪಿಯಾನೋ ನುಡಿಸಬಲ್ಲವನಲ್ಲ, ಕೇಳಬಲ್ಲವನು ಮಾತ್ರ. ಆದರೂ ಈ ವಿಷಯದಲ್ಲಿ ನನಗೊಂದು ದೃಢವಾದ ಅಭಿಪ್ರಾಯವಿರುವುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಾಶ್ಚಾತ್ಯರಲ್ಲಿ ಇಂತಹ ವಿದ್ಯಾಲಯಗಳ ಪರಂಪರೆ ದೀರ್ಘವಾದುದು. ಪ್ಯಾರಿಸಿನದು 1795ರಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯು 1822ರಲ್ಲಿ, ಮಾಸ್ಕೋದ್ದು 1866ರಲ್ಲಿ ಸ್ಥಾಪಿತವಾದವು. ಅಮೆರಿಕದ ಫಿಲಡೆಲ್ಫಿಯದಲ್ಲಿ 1924ರಲ್ಲಿ ತೆರೆದ ಕರ್ಟಿಸ್ ಸಂಸ್ಥೆಯು 1928ರಿಂದ ಬೋಧನಶುಲ್ಕವನ್ನೇ ಪಡೆಯುತ್ತಿಲ್ಲ. ಬಡವರ ಮಕ್ಕಳಿಗೂ ಅಲ್ಲಿ ಬಾಗಿಲುಂಟು. ಆದರೆ ಆ ಬಾಗಿಲು ಬಹಳ ಕಿರಿದು. ನಿಯಮಗಳು ಊರೂರಿಗೆ ಬೇರೆಯಾದರೂ, ಬಾಖನ ಒಂದು ಪ್ರಿಲ್ಯೂಡ್ ಮತ್ತು ಫ್ಯೂಗ್, ಹೈಡನ್, ಮೊಟ್ಸಾರ್ಟ್, ಬೀಥೋವನ್ ಇವರಲ್ಲೊಬ್ಬರ ಸೊನಾಟಾ, ಶೋಪಾನನಂತಹವರ ಒಂದು ಎತ್ಯೂದ್, ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಕೃತಿ, ಅನಂತರದ ಕಾಲದ್ದೊಂದು, ಇಷ್ಟನ್ನು ಸಾಮಾನ್ಯವಾಗಿ ಕೇಳುತ್ತಾರೆ. ಬಹುಮಟ್ಟಿಗೆ ಎಲ್ಲವನ್ನೂ ಪುಸ್ತಕ ನೋಡದೆಯೇ ನುಡಿಸಬೇಕು. ಪರೀಕ್ಷಕರು ನಡುವೆಯೇ ತಡೆದು, ಇದು ಸಾಕು, ಮುಂದಿನದು ಎನ್ನುವುದೂ ಉಂಟು.

ಹೀಗೆ ಎಲ್ಲೆಯನ್ನು ಅವರು ಹಾಕಿದರೂ ಅದರೊಳಗಿನ ಆಯ್ಕೆ ಅಭ್ಯರ್ಥಿಯದೇ. ಬಾಖನ ಆ ಎರಡು ಸಂಪುಟಗಳಲ್ಲಿ 48 ಜೋಡಿಗಳಿವೆ. ಬೀಥೋವನನ ಸೊನಾಟಾಗಳು 32. ಶೋಪಾನನ ಎತ್ಯೂದ್‌ಗಳ ಎರಡು ಪುಸ್ತಕಗಳಲ್ಲಿ ಹನ್ನೆರಡು ಹನ್ನೆರಡು. ಇಷ್ಟರಲ್ಲಿ ಯಾವುದನ್ನು ಎತ್ತಿಕೊಂಡನೆಂಬುದರಿಂದಲೇ ಅವನ ವಿವೇಕ ಅರ್ಧ ತಿಳಿದುಹೋಗುತ್ತದೆ.

ನಮ್ಮ ಹುಡುಗಿಯ ಪಟ್ಟಿಯ ತಲೆಯಲ್ಲಿ ಲಿಸ್ಟನ ‘ಲಾ ಕಂಪನೆಲ್ಲಾ’ ಇತ್ತು. ಪಗನಿನಿಯ ಪಿಟೀಲಿನ ರಚನೆಯೊಂದನ್ನು ಆಧರಿಸಿದ, ಬಲಗೈ ಕ್ಷಣಕ್ಷಣಕ್ಕೂ ದೂರದೂರಕ್ಕೆ ಹಾರಬೇಕಾದ ಕೃತಿ ಅದು. “ಇದನ್ನು ಕೇಳಿದರೆ ಅವರು ಬೆರಗಾಗುತ್ತಾರೆ, ಸರ್” ಎಂದಳು. ಬೆರಗಾಗಲಾರರು ಎಂದೇ ನನ್ನ ನಂಬಿಕೆ. ಅಲ್ಲಿ ಕುಳಿತವರು ಅದನ್ನು ಎಷ್ಟು ಸಲ ಕೇಳಿರುತ್ತಾರೋ! ನಮ್ಮ ಕಂಠಪಾಠ ಸ್ಪರ್ಧೆಯಲ್ಲಿಯೂ ಇದೇ ಭ್ರಮೆಯನ್ನು ಪ್ರತಿವರ್ಷ ಕಾಣುತ್ತೇನೆ: ಅತಿ ಉದ್ದವಾದ ಪದ್ಯವನ್ನು ಆರಿಸಿದವನು ಐದನೆಯ ನುಡಿಯಲ್ಲಿ ತಡವರಿಸುತ್ತಾನೆ.

ಒಂದು ಹಳೆಯ ಸಂಗತಿಯನ್ನು ನೆನೆಯೋಣ. 1832ರಲ್ಲಿ ಹದಿನೆಂಟು ವರ್ಷದ ಜುಸೆಪ್ಪೆ ವೆರ್ದಿಯೆಂಬ ಹಳ್ಳಿಯ ತರುಣನು ಮಿಲಾನಿನ ಸಂಗೀತ ವಿದ್ಯಾಲಯದ ಬಾಗಿಲು ತಟ್ಟಿದನು. ಪರೀಕ್ಷೆಗೆಂದು ಅವನು ನುಡಿಸಿದುದು ಆ ಕಾಲದಲ್ಲಿ ಬಹು ಜನಪ್ರಿಯನಾಗಿದ್ದ ಹೆರ್ಟ್ಸ್ ಎಂಬವನ ಒಂದು ಕಪ್ರಿಚ್ಚೊ. ಕೈಯನ್ನಿಡುವ ರೀತಿಯೇ ಸರಿಯಿಲ್ಲವೆಂದು ಪಿಯಾನೋ ಪರೀಕ್ಷಕರು ಕಂಡರು. ಅವನಿಗೆ ಪ್ರವೇಶ ದೊರೆಯಲಿಲ್ಲ. ವಯಸ್ಸಿನ ಮಿತಿ ದಾಟಿತ್ತು, ಪರರಾಜ್ಯದವನೂ ಆಗಿದ್ದನು; ಆದುದರಿಂದ ಕೃತಿಯೊಂದರಿಂದಲೇ ಸೋತನೆನ್ನುವುದು ನ್ಯಾಯವಲ್ಲ. ಆದರೆ ಅವನು ಒಪ್ಪಿಸಿದ ಸ್ವಂತ ರಚನೆಯನ್ನು ಅದೇ ವಿದ್ಯಾಲಯದವರು ಮೆಚ್ಚಿಕೊಂಡಿದ್ದರು. ತನ್ನದಾದುದರಲ್ಲಿ ಗೆದ್ದವನು ಬೆರಳಿನ ಚಮತ್ಕಾರದಲ್ಲಿ ಎಡವಿದನು. ಹತ್ತು ವರ್ಷಗಳ ಮೇಲೆ ‘ನಬುಕ್ಕೊ’ ಅವನನ್ನು ಪ್ರಸಿದ್ಧನನ್ನಾಗಿ ಮಾಡಿತು. ಆ ವಿದ್ಯಾಲಯ ಇಂದು ವೆರ್ದಿಯ ಹೆಸರನ್ನೇ ಹೊತ್ತಿದೆ! ಆದರೆ ಎಲ್ಲರೂ ವೆರ್ದಿಗಳಲ್ಲ. ಒಮ್ಮೆ ಮುಚ್ಚಿದ ಬಾಗಿಲು ನಮ್ಮಂತಹವರ ಮಕ್ಕಳಿಗೆ ಮತ್ತೆ ತೆರೆಯುವುದು ದುರ್ಲಭ.

ಇನ್ನೊಂದು ಮಾತು. ಹಾರ್ಮೋನಿಯಮ್ಮಿನಲ್ಲಿ ತಿದಿಯೊತ್ತುವವರೆಗೂ ಸ್ವರ ನಿಂತಿರುತ್ತದೆ. ಪಿಯಾನೋದಲ್ಲಿ ಹಾಗಲ್ಲ, ಸಣ್ಣ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ, ಬಡಿದ ಗಳಿಗೆಯಿಂದಲೇ ನಾದ ಸಾಯತೊಡಗುತ್ತದೆ. ಸಾಯುತ್ತಿರುವ ಸ್ವರಗಳನ್ನು ಒಂದಕ್ಕೊಂದು ಬೆಸೆದು ಹಾಡಿದಂತೆ ಕೇಳಿಸುವುದೇ ಆ ವಾದ್ಯದ ಪರಮ ಕಷ್ಟ. ವೇಗದ ಕೃತಿಯಲ್ಲಿ ಈ ಕೊರತೆ ಮರೆಯಾಗಬಹುದು, ನಿಧಾನದ ಭಾಗದಲ್ಲಿ ಮರೆಯಾಗದು. ಮೊಟ್ಸಾರ್ಟನು 1778ರಲ್ಲಿ ಪ್ಯಾರಿಸಿನಲ್ಲಿ ರಚಿಸಿದ ಎ ಮೈನರ್ ಸೊನಾಟಾದ ನಡುವಣ ಭಾಗವನ್ನು ಕೇಳಿರಿ. ಬೆರಳಿಗೆ ಅದು ಭಯಂಕರವೇನಲ್ಲ. ಆದರೆ ಅಡಗಲು ಅದರಲ್ಲಿ ಒಂದು ಮೂಲೆಯೂ ಇಲ್ಲ. ಅಂತಹದನ್ನು ಧೈರ್ಯವಾಗಿ ಆರಿಸಿಕೊಂಡವರನ್ನು ಪರೀಕ್ಷಕರು ಗಮನವಿಟ್ಟು ಕೇಳುತ್ತಾರೆಂದೇ ನಾನು ತಿಳಿಯುತ್ತೇನೆ.

ಕೈಯ ಅಳತೆಯನ್ನೂ ನೋಡಬೇಕು. ಶೋಪಾನನ ಮೊದಲ ಪುಸ್ತಕದ ಮೊದಲ ಎತ್ಯೂದ್ ಬಲಗೈಯನ್ನು ಬಹಳ ಅಗಲಕ್ಕೆ ಚಾಚಿಸುತ್ತದೆ. ಚಿಕ್ಕ ಕೈಯವರು ಅದನ್ನೇ ಹಿಡಿದು ನೋವು ಬರಿಸಿಕೊಳ್ಳುವ ಅವಶ್ಯಕತೆಯೇನು? ಎರಡನೆಯ ಪುಸ್ತಕದ ಆರನೆಯದೂ ಅಷ್ಟೇ ಕಠಿಣ. ಆದರೆ ಅದರ ಕಷ್ಟ ಹತ್ತಿರದ ಬೆರಳುಗಳದು, ಚಾಚುವುದರದಲ್ಲ.

“ಉಳಿದವರೆಲ್ಲ ದೊಡ್ಡದನ್ನು ನುಡಿಸುವಾಗ ನಾನು ಚಿಕ್ಕದನ್ನು ನುಡಿಸಿದರೆ ಕೈಲಾಗದವಳೆಂದು ತಿಳಿಯುವುದಿಲ್ಲವೆ?” ಎಂದು ಆಕೆ ಕೇಳಿದಳು. ಈ ಆಕ್ಷೇಪದಲ್ಲಿ ಹುರುಳಿದೆ. ತೀರ ಸುಲಭವಾದುದನ್ನು ಆರಿಸಿದರೆ ಸೋಮಾರಿತನವೆನಿಸೀತು. ನಾನು ಹೇಳುವುದಿಷ್ಟೆ: ಜ್ವರ ಬಂದ ದಿನ, ನಿದ್ದೆಗೆಟ್ಟ ದಿನ, ಪರಿಚಯವಿಲ್ಲದ ಪಿಯಾನೋ ಎದುರಿಗಿದ್ದ ದಿನವೂ ಕೈಬಿಡದಂತಹ ಕೃತಿ ಪಟ್ಟಿಯಲ್ಲಿರಲಿ. ಕಲಿತು ಮೂರು ತಿಂಗಳಾದ ಕೃತಿ ಅಂತಹ ದಿನ ಕೈಬಿಡುತ್ತದೆ; ಕಲಿತು, ಕೆಲಕಾಲ ಬಿಟ್ಟು, ಮತ್ತೆ ಎತ್ತಿಕೊಂಡುದು ಉಳಿಯುತ್ತದೆ. ಆದುದರಿಂದಲೇ ಆಯ್ಕೆ ಒಂದು ವರ್ಷ ಮೊದಲೇ ಮುಗಿಯಬೇಕು.

ಮೊನ್ನೆ ಸಂಕ್ರಾಂತಿಯಂದು ಎಳ್ಳುಬೆಲ್ಲ ಕೊಡಲು ಬಂದಾಗ ಹೊಸ ಪಟ್ಟಿಯನ್ನು ತೋರಿಸಿದಳು. ಮೊಟ್ಸಾರ್ಟ್ ಮೇಲಕ್ಕೆ ಬಂದಿದ್ದಾನೆ. ಲಿಸ್ಟನ ಹೆಸರಿನ ಮೇಲೆ ಪೆನ್ಸಿಲಿನ ಗೀಟೊಂದಿದೆ. ಅದನ್ನು ಎರಡು ಸಲ ಅಳಿಸಿ ಮತ್ತೆ ಎಳೆದ ಗುರುತೂ ಇದೆ. ಧ್ವನಿಮುದ್ರಣ ಕಳುಹಿಸಲು ಡಿಸೆಂಬರಿನವರೆಗೆ ಅವಧಿಯಿದೆ.