ಮತದಾನದ ಹಕ್ಕು ಮತ್ತು ವಲಸೆ ಮತದಾರ

ಸಂವಿಧಾನದ 326ನೇ ಅನುಚ್ಛೇದವು ಲೋಕಸಭೆ ಹಾಗೂ ವಿಧಾನಸಭೆಗಳ ಚುನಾವಣೆಗಳು ವಯಸ್ಕ ಮತಾಧಿಕಾರದ ಆಧಾರದ ಮೇಲೆ ನಡೆಯತಕ್ಕದ್ದೆಂದು ವಿಧಿಸಿದೆ. 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಯಿತು. ಆದಾಗ್ಯೂ, ಹಕ್ಕು ಪಡೆದವರೆಲ್ಲರೂ ಮತಗಟ್ಟೆಯನ್ನು ತಲುಪುತ್ತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದ ಮತದಾನ ಪ್ರಮಾಣ ಸುಮಾರು ಶೇ. 66ರಷ್ಟಿತ್ತು. ಕರ್ನಾಟಕದಲ್ಲಿ ಮಂಡ್ಯ ಕ್ಷೇತ್ರವು ಶೇ. 81ನ್ನು ದಾಟಿದರೆ, ಬೆಂಗಳೂರು ದಕ್ಷಿಣವು ಶೇ. 53ರ ಆಸುಪಾಸಿನಲ್ಲೇ ಉಳಿಯಿತು.

ಈ ಅಂತರಕ್ಕೆ ನಗರವಾಸಿಗಳ ನಿರಾಸಕ್ತಿಯೊಂದೇ ಕಾರಣವೆನ್ನಲಾಗದು. ಮನೆ ಬದಲಿಸಿದವರ ಹಾಗೂ ಮೃತರ ಹೆಸರುಗಳು ಪಟ್ಟಿಯಲ್ಲಿ ಉಳಿದಿದ್ದರೆ ಮತದಾನದ ಶೇಕಡಾವಾರು ಪ್ರಮಾಣ ವಾಸ್ತವಕ್ಕಿಂತ ಕಡಿಮೆ ಕಾಣುತ್ತದೆ. ಹೊಸ ವಿಳಾಸದಲ್ಲಿ ಹೆಸರು ಸೇರಿಸದಿದ್ದಲ್ಲಿ ಮತದಾರನು ಹಳೆಯ ಮತಗಟ್ಟೆಗೇ ಹೋಗಬೇಕಾಗುತ್ತದೆ.

ಹಿರಿಯರು ಮತ್ತು ಅಂಗವಿಕಲರ ವಿಷಯದಲ್ಲಿ ಗಣನೀಯ ಪ್ರಗತಿಯಾಗಿದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ಮೀರಿದವರಿಗೆ ಹಾಗೂ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಮನೆಯಿಂದಲೇ ಮತ ಚಲಾಯಿಸುವ ಅವಕಾಶವನ್ನು ಕಲ್ಪಿಸಲಾಗಿತ್ತು. 2024ರಲ್ಲಿ ಈ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು. ಇದಕ್ಕಾಗಿ ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ನಮೂನೆ 12ಡಿ ಸಲ್ಲಿಸಬೇಕು.

ಬಗೆಹರಿಯದೆ ಉಳಿದಿರುವುದು ವಲಸೆ ಕಾರ್ಮಿಕರ ಪ್ರಶ್ನೆ. ಕಾನೂನಿನ ಪ್ರಕಾರ ವ್ಯಕ್ತಿಯು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿ ಮಾತ್ರ ಹೆಸರು ನೋಂದಾಯಿಸಬಹುದು. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನೋಂದಣಿಗೆ ಅವಕಾಶವಿಲ್ಲ. ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕಾಮಗಾರಿಗೆ ಬಂದು, ಕೆಲಸ ಮುಗಿದಂತೆ ಬಿಡಾರ ಬದಲಿಸುವ ಕಾರ್ಮಿಕನಿಗೆ ನಗರದಲ್ಲಿ ವಿಳಾಸದ ದಾಖಲೆ ಒದಗಿಸುವುದು ಕಷ್ಟ. ಊರಿಗೆ ಮರಳಲು ಪ್ರಯಾಣ ವೆಚ್ಚದ ಜೊತೆಗೆ ಒಂದೆರಡು ದಿನಗಳ ಕೂಲಿಯನ್ನೂ ಕಳೆದುಕೊಳ್ಳಬೇಕು. ಪ್ರಜಾಪ್ರತಿನಿಧಿ ಕಾಯ್ದೆ, 1951ರ 135ಬಿ ಪ್ರಕರಣವು ಮತದಾನದ ದಿನ ವೇತನಸಹಿತ ರಜೆಯನ್ನು ಕಡ್ಡಾಯಗೊಳಿಸಿದೆಯಾದರೂ, ಹೋಗಿಬರುವ ದಿನಗಳು ಅದರಲ್ಲಿ ಸೇರಿಲ್ಲ.

ಈ ಹಿನ್ನೆಲೆಯಲ್ಲಿ ಭಾರತ ಚುನಾವಣಾ ಆಯೋಗವು ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ಮತದಾನ ನಡೆಸಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಸಿದ್ಧಪಡಿಸಿ, 2023ರ ಜನವರಿಯಲ್ಲಿ ರಾಜಕೀಯ ಪಕ್ಷಗಳ ಸಭೆ ಕರೆದಿತ್ತು. ವಲಸಿಗ ಯಾರೆಂಬುದರ ವ್ಯಾಖ್ಯೆ, ದೂರದ ಮತಗಟ್ಟೆಗಳಲ್ಲಿ ಏಜೆಂಟರ ನೇಮಕ, ಮಾದರಿ ನೀತಿ ಸಂಹಿತೆಯ ಪಾಲನೆ ಮುಂತಾದ ಪ್ರಶ್ನೆಗಳೊಂದಿಗೆ ಹಲವು ಪಕ್ಷಗಳು ಆಕ್ಷೇಪ ವ್ಯಕ್ತಪಡಿಸಿದವು. 2024ರ ಲೋಕಸಭಾ ಚುನಾವಣೆಯಲ್ಲಿ ಈ ಯಂತ್ರ ಬಳಕೆಯಾಗಲಿಲ್ಲ. ಮತದ ಗೋಪ್ಯತೆಗೂ ಎಣಿಕೆಯ ವಿಶ್ವಾಸಾರ್ಹತೆಗೂ ಧಕ್ಕೆಯಾಗದಂತೆ ದುಡಿಯುವ ಜಾಗದಲ್ಲೇ ಮತ ಚಲಾಯಿಸುವಂತಾದಲ್ಲಿ ಮಾತ್ರ ವಯಸ್ಕ ಮತಾಧಿಕಾರವು ಈ ವರ್ಗಕ್ಕೆ ಪೂರ್ಣವಾಗಿ ದೊರೆತಂತಾಗುತ್ತದೆ.

ಅಲ್ಲಿಯವರೆಗೆ ಪಟ್ಟಿಯಲ್ಲಿರುವ ಹೆಸರೇ ಮತದಾರನ ಆಧಾರ. ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಮತ ಚಲಾಯಿಸಲಾಗದು. ಹೊಸದಾಗಿ ಹೆಸರು ಸೇರಿಸಲು ನಮೂನೆ 6ನ್ನೂ, ವಿಳಾಸ ಬದಲಾವಣೆಗೆ ನಮೂನೆ 8ನ್ನೂ ಸಲ್ಲಿಸಬೇಕು. 2022ರಿಂದ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ 1ನೇ ತಾರೀಖುಗಳನ್ನು ಅರ್ಹತಾ ದಿನಾಂಕಗಳನ್ನಾಗಿ ಪರಿಗಣಿಸಲಾಗುತ್ತಿದ್ದು, 18 ತುಂಬಿದ ಯುವಜನರು ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ. ಮಾಹಿತಿಗೆ ಸಹಾಯವಾಣಿ 1950ನ್ನು ಸಂಪರ್ಕಿಸಬಹುದಾಗಿದೆ.