ಎಲೆಯ ಮುಂದೆ ಲೆಕ್ಕ

ಭಾನುವಾರ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯಿಂದ ದಾವಣಗೆರೆಗೆ ಹೊರಡುವ ಬಸ್ಸುಗಳನ್ನು ನೋಡಬೇಕು. ಒಬ್ಬರಿಗೆ ಸೀರೆ ಕೊಳ್ಳುವುದಿದೆ, ಒಬ್ಬರಿಗೆ ಕನ್ನಡಕ ಮಾಡಿಸುವುದಿದೆ, ಮತ್ತೊಬ್ಬರಿಗೆ ನೆಂಟರ ಮನೆ. ಬಾಯಿಬಿಟ್ಟು ಹೇಳದ ಕಾರಣ ಮಾತ್ರ ಎಲ್ಲರದ್ದೂ ಒಂದೇ, ಬೆಣ್ಣೆದೋಸೆ. ನ್ಯಾಮತಿಯವರಿಗೆ ಶಿವಮೊಗ್ಗವೂ ಹತ್ತಿರವೇ. ಆದರೂ ಅಲ್ಲಿನ ಮಕ್ಕಳು ದಾವಣಗೆರೆಗೇ ಹೋಗೋಣವೆಂದು ಹಟ ಹಿಡಿದರೆ ಯಾಕೆಂದು ಕೇಳಬೇಕಾಗಿಲ್ಲ.

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಅಂದು ಚನ್ನಗಿರಿಯಿಂದ ಹೊರಟವರು ಆರು ಜನ: ಮಾವ, ಅತ್ತೆ, ನಮ್ಮ ಯಜಮಾನರು, ಇಬ್ಬರು ಮಕ್ಕಳು ಮತ್ತು ನಾನು. ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಆಗ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳಲ್ಲಿ ನಾನು ಅರ್ಧ ಡಾಕ್ಟರಾಗಿಬಿಟ್ಟಿದ್ದೆ. ಯಾವುದರಲ್ಲಿ ಎಷ್ಟು ಕ್ಯಾಲೊರಿ ಎಂಬುದು ಮಗ್ಗಿಯಂತೆ ಬಾಯಿಗೆ ಬಂದಿತ್ತು.

ದೋಸೆ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ. ನಾನು ಶುರುಮಾಡಿದೆ. "ಕೊಬ್ಬು ಅಂದರೆ ಒಂದು ಗ್ರಾಮಿಗೆ 9 ಕ್ಯಾಲೊರಿ ಮಾವ. ಹಿಟ್ಟಿಗೆ, ಬೇಳೆಗೆ ಬರೀ 4. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ನೂರಾಯಿತು. ಇದರಲ್ಲಿ ಎರಡು ಚಮಚವಾದರೂ ಇದೆ." ಮಗ ತಿನ್ನುವುದನ್ನು ನಿಲ್ಲಿಸಿದ. ಅತ್ತೆ ಬೆಣ್ಣೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಮಾವ ಏನೂ ಹೇಳದೆ ತಮ್ಮ ತಟ್ಟೆಯನ್ನು ಮೊಮ್ಮಗನ ಕಡೆ ದೂಡಿ, ಸಕ್ಕರೆಯಿಲ್ಲದ ಕಾಫಿ ತರಿಸಿಕೊಂಡು ಬೀದಿ ನೋಡುತ್ತ ಕುಳಿತರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅಂದಿನ ಊಟ ಕೆಟ್ಟಿತು.

ರಾತ್ರಿ ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕುಳಿತು ಮಾವ ಮೆಲ್ಲಗೆ ಹೇಳಿದರು: "ಲೆಕ್ಕ ಮನೇಲಿ ಕೇಳಮ್ಮ. ಎಲೆ ಮುಂದೆ ಕೇಳಬೇಡ."

ಆ ಮಾತು ಬಹಳ ದಿನ ಕಾಡಿತು. ಲೆಕ್ಕವೇ ಬೇಡವೆಂದು ಅವರು ಹೇಳಲಿಲ್ಲ, ಗಮನಿಸಿ. ಬೇಡವೆನ್ನುವ ಕಾಲವೂ ಇದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯಿರುವವರು ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಇದು ಪಟ್ಟಣದ ಸಾಹುಕಾರರ ಕಾಯಿಲೆ ಎನ್ನುವ ಕಾಲ ಹೋಯಿತು.

ಹಾಗಾದರೆ ನಮ್ಮ ಹಿರಿಯರು ಬೆಣ್ಣೆ ತುಪ್ಪ ತಿಂದು ಗಟ್ಟಿಯಾಗಿರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮಾವನೂ ಕೇಳಿದ್ದರು. ಉತ್ತರ ಅದೇ ಮಂಡಳಿಯ 2020ರ ಕೋಷ್ಟಕದಲ್ಲಿದೆ. 65 ಕಿಲೋ ತೂಕದ ಗಂಡಸು ಮೈಮುರಿದು ದುಡಿಯುವವನಾದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅದೇ ಮನುಷ್ಯ ಕುಳಿತು ಕೆಲಸ ಮಾಡುವವನಾದರೆ 2110 ಸಾಕು. ಕುಳಿತು ಕೆಲಸ ಮಾಡುವ ಹೆಂಗಸಿಗೆ 1660. ದುಡಿಯುವವನಿಗೂ ಕುಳಿತವನಿಗೂ ಇರುವ ಅಂತರ 1360 ಕ್ಯಾಲೊರಿ, ಅಂದರೆ ಸಲೀಸಾಗಿ ಎರಡು ಹೊತ್ತಿನ ಊಟ!

ಜಗಳೂರಿನ ಬೆದ್ದಲು ಹೊಲದಲ್ಲಿ ಕುಂಟೆ ಹೊಡೆದವರಿಗೆ, ಹೊನ್ನಾಳಿಯ ಗದ್ದೆಯಲ್ಲಿ ಮಂಡಿಯುದ್ದ ಕೆಸರು ತುಳಿದವರಿಗೆ, ಚನ್ನಗಿರಿಯ ತೋಟದಲ್ಲಿ ಅಡಿಕೆಗೊನೆ ಹೊತ್ತವರಿಗೆ ಆ 3470 ಬೇಕಿತ್ತು. ಈಗ ಟ್ರ್ಯಾಕ್ಟರ್ ಉಳುತ್ತದೆ, ಮೋಟಾರ್ ನೀರೆತ್ತುತ್ತದೆ, ತೋಟಕ್ಕೆ ಬೈಕಿನಲ್ಲಿ ಹೋಗಿಬರುತ್ತೇವೆ. ದುಡಿಮೆ ಇಳಿಯಿತು, ಮುದ್ದೆಯ ಗಾತ್ರ ಇಳಿಯಲಿಲ್ಲ. ಅಪ್ಪನ ಹಸಿವು ಮಗನಿಗೆ ಬಂತು, ಅಪ್ಪನ ಕೆಲಸ ಬರಲಿಲ್ಲ. ತಪ್ಪು ಬೆಣ್ಣೆಯದಲ್ಲ.

ಹಾಗೆ ನೋಡಿದರೆ ಬೆಣ್ಣೆದೋಸೆಯ ಮೂಲವೂ ರಾಗಿಯೇ ಎಂದು ದಾವಣಗೆರೆಯ ಹಳಬರು ಹೇಳುತ್ತಾರೆ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ರಾಗಿ ಹಿಟ್ಟಿನ ದೋಸೆ ಮಾಡಿ ಮಾರುತ್ತಿದ್ದರಂತೆ. ಮುಂದೆ ಅವರ ಮಕ್ಕಳ ಕಾಲಕ್ಕೆ ರಾಗಿಯ ಜಾಗಕ್ಕೆ ಅಕ್ಕಿ ಬಂತಂತೆ.

ಸರಿ, ಲೆಕ್ಕವನ್ನು ಮನೆಯಲ್ಲೇ ಮುಗಿಸುವುದು ಹೇಗೆ? ನಾವು ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು, ಹೋಟೆಲಿಗೆ ಹೋಗುವುದಿದೆ ಎಂದು ಬೆಳಗಿನಿಂದ ಉಪವಾಸ ಕೂರುವುದು ಬೇಡ. ಹಸಿದು ಹೋದವನು ಕಣ್ಣಿಗೆ ಕಂಡದ್ದನ್ನೆಲ್ಲ ಹೇಳುತ್ತಾನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಊಟ ತಪ್ಪಿಸುವುದು ಅಪಾಯ. ಸಕ್ಕರೆ ತೀರ ಇಳಿದು ಬೆವರಿ, ತಲೆ ಸುತ್ತಿ ಬಿದ್ದಾರು. ಊಟದ ಹೊತ್ತು, ಮಾತ್ರೆಯ ಹೊತ್ತು ಎರಡನ್ನೂ ಡಾಕ್ಟರನ್ನು ಕೇಳಿಯೇ ಹೊಂದಿಸಿಕೊಳ್ಳಬೇಕು.

ಎರಡನೆಯದು, ತಲೆಗೊಂದು ದೋಸೆ ಎಂಬ ಪದ್ಧತಿಯನ್ನು ಬಿಟ್ಟೆವು. ಆರು ಜನಕ್ಕೆ ಮೂರು ಬೆಣ್ಣೆದೋಸೆ, ಜೊತೆಗೆ ಇಡ್ಲಿ. ಇಡ್ಲಿ ಆವಿಯಲ್ಲಿ ಬೆಂದದ್ದು, ಸಾಧಾರಣ ಗಾತ್ರದ್ದಾದರೆ ಒಂದಕ್ಕೆ 60ರ ಆಸುಪಾಸು. ದೋಸೆಯ ರುಚಿಯೆಲ್ಲ ಮೊದಲ ನಾಲ್ಕು ತುತ್ತಿನಲ್ಲಿದೆ. ಆಮೇಲೆ ತಿನ್ನುವುದು ಕೊಟ್ಟ ದುಡ್ಡಿಗಾಗಿ! ಇನ್ನು "ಒಂದಕ್ಕೆ ಬೆಣ್ಣೆ ಕಡಿಮೆ ಹಾಕಪ್ಪಾ" ಎಂದರೆ ಕಾವಲಿಯ ಮುಂದೆ ನಿಂತವರು ಯಾರೂ ಬೇಸರಿಸುವುದಿಲ್ಲ.

ಮೂರನೆಯದು ಮಂಡಕ್ಕಿ ಮಿರ್ಚಿ. ಮಂಡಕ್ಕಿ ಹಗುರ, ಮಿರ್ಚಿ ಹಗುರವಲ್ಲ. ಎಣ್ಣೆಯಲ್ಲಿ ಮುಳುಗೆದ್ದ ಬಜ್ಜಿ ಒಳಗೆಷ್ಟು ಎಣ್ಣೆ ಕುಡಿದಿದೆಯೆಂದು ಹೊರಗಿನಿಂದ ಕಾಣದು. ದೋಸೆ ತಿಂದ ದಿನ ಮಿರ್ಚಿ ಬೇಡ, ಮಿರ್ಚಿ ತಿಂದ ದಿನ ದೋಸೆ ಬೇಡ. ಈ ತೀರ್ಮಾನ ಬಸ್ಸು ಹತ್ತುವ ಮೊದಲೇ ಆಗಿಬಿಡಬೇಕು.

ನಾಲ್ಕನೆಯದು, ಕುಡಿಯುವುದರ ಮೇಲೆ ಕಣ್ಣಿರಲಿ. ಒಂದು ಸಣ್ಣ ಚಮಚ ಸಕ್ಕರೆಗೆ 20 ಕ್ಯಾಲೊರಿ. ಬಾಟಲಿ ಪಾನೀಯದಲ್ಲಿ ಅಂಥ ಚಮಚ ಎಷ್ಟೋ ಕರಗಿರುತ್ತವೆ. ಮಜ್ಜಿಗೆಗೆ ಆ ಕಾಟವಿಲ್ಲ.

ಊಟವಾದ ಮೇಲೆ ಅರ್ಧ ಗಂಟೆ ನಡೆದರೆ ಎಲ್ಲ ಕರಗುತ್ತದೆಂದು ಮಾತ್ರ ನಂಬಬೇಡಿ. ಅಷ್ಟು ನಡಿಗೆಗೆ ಖರ್ಚಾಗುವುದು ನೂರು, ನೂರೈವತ್ತು ಕ್ಯಾಲೊರಿ, ಹೆಚ್ಚೆಂದರೆ ಒಂದು ಚಮಚ ಬೆಣ್ಣೆ. ಆದರೂ ನಡೆಯಿರಿ. ಉಂಡ ಮೇಲೆ ರಕ್ತದಲ್ಲಿ ಏರುವ ಸಕ್ಕರೆಗೆ ಅದು ಒಳ್ಳೆಯ ಕಡಿವಾಣ.

ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ದೊಡ್ಡ ಹೋಟೆಲುಗಳು ತಿಂಡಿಯ ಪಟ್ಟಿಯಲ್ಲಿ ಕ್ಯಾಲೊರಿ ಬರೆಯಬೇಕೆಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ನಮ್ಮ ಕಡೆಯ ಒಂಟಿ ಹೋಟೆಲುಗಳಿಗೆ ಅದು ಅನ್ವಯಿಸದು. ಇಲ್ಲಿ ಗೋಡೆಯ ಮೇಲೆ ಬೆಲೆಯಷ್ಟೇ ಇರುತ್ತದೆ, ಉಳಿದ ಲೆಕ್ಕ ನಮ್ಮ ತಲೆಯಲ್ಲಿರಬೇಕು. ತಲೆಯಲ್ಲಿರಬೇಕು, ಬಾಯಲ್ಲಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡೂ ಅರ್ಧ ಒಂದೇ ಪಂಕ್ತಿಗೆ ಯಾಕೆ ಸೇರಿದವೆಂದು ನನಗೆ ಈಗ ಅರ್ಥವಾಗಿದೆ.

ಮುಂದಿನ ಸಲ ಹೋದಾಗ ಮಾವ ಅರ್ಧ ದೋಸೆ ತಿಂದರು, ಒಂದು ಇಡ್ಲಿ ತಿಂದರು. ತಾವು ಹುಡುಗರಾಗಿದ್ದಾಗ ದಾವಣಗೆರೆಯಲ್ಲಿ ನಾಟಕ ನೋಡಲು ಬರುತ್ತಿದ್ದ ಕತೆಯನ್ನು ಮೊಮ್ಮಕ್ಕಳಿಗೆ ಹೇಳಿದರು. ನಾನು ತುಟಿ ಬಿಚ್ಚಲಿಲ್ಲ. ಏಳುವಾಗ ಅವರೇ ನನ್ನ ಕಡೆ ಬಾಗಿ ಕೇಳಿದರು: "ಎಷ್ಟಾಯ್ತಮ್ಮ?"

"ಬಿಲ್ಲು ನಿಮ್ಮ ಮಗ ಕೊಡ್ತಾರೆ ಮಾವ," ಎಂದೆ. ಉಳಿದದ್ದನ್ನು ಮನೆಗೆ ಬಂದು ಹೇಳಿದೆ.